ಗೊಲ್ಲಾಳಪ್ಪನ ಕೈಯಲ್ಲಿದ್ದದ್ದು

ಎಪ್ಪತ್ನಾಲ್ಕನೆಯ ಇಸವಿ, ಗೌರಿ ಹುಣ್ಣಿಮೆ ಮುಗಿದ ವಾರ. ಹೊನವಾಡದ ಸಕ್ರವ್ವನ ಮನೆಯಲ್ಲಿ ಹೊತ್ತು ವಾಲಿದರೂ ಒಲೆಯ ಮೇಲಿನ ಹಂಚು ಇಳಿದಿರಲಿಲ್ಲ. ಹಿರಿಯ ಮಗ ಗೊಲ್ಲಾಳಪ್ಪ ಬಾವಿಗೆ ಇಳಿಯುವ ದಿನ, ಅವನು ತಿರುಗಿ ಬರುವ ತನಕ ಆ ಮನೆಯಲ್ಲಿ ಹಂಚು ಇಳಿಸುವುದಿಲ್ಲ. ಅವನು ಹಣೆಗೆ ಮನೆದೇವರು ಅಮೋಘಸಿದ್ಧನ ಅರಿಸಿನದ ಬಂಡಾರ ಹಚ್ಚಿಕೊಂಡು ಬರಿಹೊಟ್ಟೆಯಲ್ಲಿ ಹೋಗುವನು. ಬಂದ ಮೇಲೆ ಬಿಸಿ ರೊಟ್ಟಿ ಉಣ್ಣುವನು. ಕುರಿ, ಹೊಲ ನೋಡಿಕೊಂಡು ಉಳಿದ ಹೊತ್ತಿನಲ್ಲಿ ಬಾವಿಗೆ ಬಿದ್ದ ಕೊಡ ತೆಗೆಯುವುದು, ಎಂಜಿನ್ನಿನ ಪೈಪಿಗೆ ಸಿಕ್ಕ ಕಸ ಬಿಡಿಸುವುದು, ಒಮ್ಮೊಮ್ಮೆ ಯಾರದೋ ಮನೆಯ ಹೆಣ ಎತ್ತುವುದು ಅವನ ಕೆಲಸವಾಗಿತ್ತು. ಅವನ ಅಪ್ಪನೂ ಅದನ್ನೇ ಮಾಡಿದ್ದ.

ಸೊಸೆ ಸಾವಂತ್ರವ್ವ ಹಿಟ್ಟು ನಾದುತ್ತ ಕುಳಿತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ಗೊಲ್ಲಾಳಪ್ಪನ ಹಗ್ಗ ಹಿಡಿಯುವ ಜೊತೆಗಾರ ದಾದಾಸಾಬ ಬಂದು ನಿಂತಿದ್ದ. ಹೆಗಲ ಮೇಲೆ ಹಸಿ ಹಗ್ಗ. ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಹೊಸ್ತಿಲದಾಗ ಯಾಕ ನಿಂತೀಯೋ ದಾದಾ? ಒಳಗ ಬಾ. ಎಲ್ಲಿ ನಿನ್ನ ದೋಸ್ತ?" ಎಂದಳು ಸಕ್ರವ್ವ.

"ಯವ್ವಾ, ಹಗ್ಗ ನನ್ನ ಕೈಯಾಗೇ ಇತ್ತು ಬೇ."

"ಏನಂತಿ?"

"ಕೈಯಾಗೇ ಇತ್ತು. ಲಾರಿ ಊರ ಅಗಸಿ ಹತ್ತಿರ ನಿಂತೈತಿ."

ಸಾವಂತ್ರವ್ವನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಒಲೆಯ ಬೂದಿಗೆ ಬಿತ್ತು. ಸಕ್ರವ್ವ ಎದ್ದು, ಬರಿಗೈಯಿಂದ ಹಂಚನ್ನು ಹಿಡಿದು ಇಳಿಸಿದಳು. ಕೈ ಸುಟ್ಟದ್ದು ಅವಳಿಗೆ ತಿಳಿದದ್ದು ಮರುದಿನ.

ತಿಕೋಟಾದ ಹೊರಗಿನ ಹಳೆಯ ಕಮಾನು ಬಾವಿಯಲ್ಲಿ ಗೊಲ್ಲಾಳಪ್ಪ ತೀರಿಕೊಂಡಿದ್ದ. ಕೆಲಸಕ್ಕೆ ಕರೆದೊಯ್ದವನು ವಿಜಾಪುರದ ಶಾಂತಪ್ಪ ಸಾವಕಾರ. ಸ್ಟೇಷನ್ ರಸ್ತೆಯಲ್ಲಿ ಅವನದು ರೇಡಿಯೊ, ಹೊಲಿಗೆ ಯಂತ್ರಗಳ ದೊಡ್ಡ ಅಂಗಡಿ. ಸಕ್ರವ್ವನ ಕಿರಿಯ ಮಗ ತುಕಾರಾಮ ಅಲ್ಲಿಯೇ ಕೆಲಸಕ್ಕಿದ್ದ. ದಿನಾ ಬಸ್ಸಿನಲ್ಲಿ ಹೋಗಿ ಬರುವನು. ಗೊಲ್ಲಾಳಪ್ಪ ಮೇಲೆ ಬಾರದಿದ್ದಾಗ ಸಾವಕಾರ, "ಡಾಕ್ಟರನ್ನು ಕರೆತರುತ್ತೇನೆ" ಎಂದು ಜೀಪು ಹತ್ತಿದವನು ತಿರುಗಿ ಬಂದಿರಲಿಲ್ಲ. ತಿಕೋಟಾದ ಯಾರೋ ಪುಣ್ಯವಂತರು ತಮ್ಮ ಲಾರಿ ಕೊಟ್ಟಿದ್ದರು.

ಪೊಲೀಸರಿಗೆ ತಿಳಿದರೆ ಹೆಣ ಕೊಯ್ಯುತ್ತಾರೆಂದು ಊರ ಹಿರಿಯರು ಅವಸರ ಮಾಡಿದರು. ತುಕಾರಾಮನನ್ನು ಸಾವಕಾರ ಆ ದಿನ ಸೊಲ್ಲಾಪುರಕ್ಕೆ ಮಾಲು ತರಲು ಕಳಿಸಿದ್ದರಿಂದ ಅವನಿಗೆ ಕಾಯಲಿಲ್ಲ. ಹೊತ್ತು ಮುಳುಗುವ ಮುಂಚೆ ಹೊಲದ ಬದುವಿನಲ್ಲಿ ಕುಣಿ ತೋಡಿ ಮಣ್ಣು ಮಾಡಿದರು. ಆ ಮನೆತನದ ರೂಢಿ ಒಂದಿತ್ತು. ಹೆಣ ಇಳಿಸಿ, ಅದರ ಮೇಲೆ ಕಲ್ಲು ಚಪ್ಪಡಿ ಮುಚ್ಚಿ, ಸಾಯುವಾಗ ಮನುಷ್ಯನ ಕೈಯಲ್ಲಿ ಏನಿತ್ತೋ ಅದನ್ನು ಚಪ್ಪಡಿಯ ಮೇಲಿಟ್ಟು ಮಣ್ಣು ಎಳೆಯುವರು. ಸಕ್ರವ್ವನ ಮಾವನ ಸಂಗಡ ಉಣ್ಣೆ ಕತ್ತರಿಸುವ ಕತ್ತರಿ ಹೋಗಿತ್ತು. ಗಂಡನ ಸಂಗಡ ಕುರಿ ಕಾಯುವ ಬಡಿಗೆ.

ಗೊಲ್ಲಾಳಪ್ಪನ ಮುಂಗೈಗೆ ಒಂದು ಪಟ್ಟಿ ಸುತ್ತಿಕೊಂಡಿತ್ತು. ಅದರ ತುದಿಯಲ್ಲಿ ಒಂದೇ ಗಾಜಿನ ಕಣ್ಣಿನ ಕರಿಯ ಡಬ್ಬಿ. ಅದೇನೆಂದು ಬಲ್ಲ ದಾದಾಸಾಬ ದೂರದಲ್ಲಿ ಮೊಣಕಾಲಿಗೆ ಮುಖ ಹುದುಗಿಸಿ ಕುಳಿತಿದ್ದ. ಊರ ಹಿರಿಯರಲ್ಲೊಬ್ಬನಾದ ಮುದುಕ ಅಮೋಘಿ ಅದನ್ನು ಬಿಡಿಸಿ, "ಇದೇನ ತಂಗಿ?" ಎಂದು ಕೇಳಿದ.

"ನೀರಾಗ ಹಿಡಿಯೋ ಬ್ಯಾಟರಿ ಇರಬೇಕ ಮುತ್ಯಾ. ಅವನ ಕೈಯಾಗಿಂದು, ಅವನ ಸಂಗಾಟ ಹೋಗ್ಲಿ," ಎಂದಳು ಸಕ್ರವ್ವ.

ಮೂರನೆಯ ದಿನ ಕುಣಿಗೆ ಹಾಲು ತುಪ್ಪ ಎರೆದು ಬಂದು ನುಚ್ಚು ಮಜ್ಜಿಗೆ ಉಣ್ಣುತ್ತಿದ್ದಾಗ ತುಕಾರಾಮ ತಟ್ಟೆಯಲ್ಲಿ ಕೈಯಾಡಿಸುತ್ತ ಕುಳಿತಿದ್ದ. ಸಾವಕಾರನ ಆಳು ಬಂದು ಅವನ ಕಿವಿಯಲ್ಲಿ ಏನೋ ಹೇಳಿ ಹೋಗಿದ್ದ.

"ಅವ್ವಾ, ಅಣ್ಣನ ಕೈಯಾಗ ಒಂದು ಕ್ಯಾಮರಾ ಇತ್ತಂತ."

"ಕ್ಯಾಮರಾ ಎಲ್ಲೀದೋ? ಒಂದು ಬ್ಯಾಟರಿ ಇತ್ತು."

"ಅದ ಬೇ ಕ್ಯಾಮರಾ! ಎಲ್ಲಿಟ್ಟೀದಿ?"

"ಇಡೂದೆಲ್ಲಿ? ಚಪ್ಪಡಿ ಮ್ಯಾಲ. ಅವನ ಸಂಗಾಟ."

ತುಕಾರಾಮ ತಟ್ಟೆ ದೂಡಿ ತಲೆಯ ಮೇಲೆ ಕೈ ಹೊತ್ತ. "ಏನ್ ಮಾಡಿದಿ ಯವ್ವಾ! ಅದು ನೀರಾಗ ಫೋಟೋ ತಗಿಯೋದು. ಸಮುದ್ರದಾಗಿನ ಮೀನ ನೋಡಾಕ ಫರಂಗ್ಯಾರು ಮಾಡಿದ್ದು. ಈಗ ಅಂಥಾವು ಮಾಡೂದ ಬಿಟ್ಟಾರಂತ. ಹಡಗಿನ ಸಾಮಾನ ಹರಾಜಾದಾಗ ಸಾವಕಾರ್ರು ಮುಂಬೈದಾಗ ಹಿಡದಿದ್ರು. ಹಳೇ ಕ್ಯಾಮರಾ ಕೂಡಿಸೋ ಮಂದಿ ಪುಣೆದಾಗ ಒಂದು ಗುಂಪೇ ಐತಿ. ಎಳ್ಳಮಾವಾಸಿ ಹೊತ್ತಿಗೆ ಅವ್ರು ಇದನ್ನ ನೋಡಾಕ ಬರಾವ್ರದಾರ."

"ಕುಡಿಯೋ ನೀರಿಗೆ ಕೊಡ ಹೊತ್ತು ಸಾಯೋ ಸೀಮ್ಯಾಗ ನೀರೊಳಗಿನ ಕ್ಯಾಮರಾ!" ಎಂದಳು ತುಕಾರಾಮನ ಹೆಂಡತಿ ತಿಪ್ಪವ್ವ. "ನಮ್ಮೂರ ಬಾವ್ಯಾಗ ವಟಗುಟ್ಟೋ ಕಪ್ಪಿ ಬಿಟ್ರ ಏನೈತೋ ಫೋಟೋ ತಗಿಯಾಕ?"

"ನೀ ಸುಮ್ನಿರ. ಅವ್ರು ಕೇಳಾಕತ್ತಾರ. ಮ್ಯಾಲಿನ ಮಣ್ಣ ಅಷ್ಟ ತಗದ್ರ..."

ಸಾವಂತ್ರವ್ವ ಮೂಲೆಯಿಂದ ಎದ್ದು ಬಂದಳು. "ನಿಮ್ಮ ಅಣ್ಣಗ ಎರೆದ ಹಾಲು ಇನ್ನೂ ಆರಿಲ್ಲ ಮೈದುನಾ," ಎಂದಳು. "ಸಲಿಕಿ ಹಿಡಕೊಂಡು ಹೋಗೂ ಮುಂಚೆ ನನ್ನ ಮ್ಯಾಲೂ ಅಷ್ಟು ಮಣ್ಣ ಎಳಿರಿ."

ಆ ದಿನದ ಮಾತು ಅಲ್ಲಿಗೇ ನಿಂತಿತು.

ಸಕ್ರವ್ವನಿಗೆ ಒಂದೇ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಸಾವಕಾರ ತನ್ನ ಡಬ್ಬಿಯನ್ನು ಕೇಳಿ ಕಳಿಸಿದ್ದ. ಅವಳ ಮಗನ ಸಾವನ್ನು ಕೇಳಿ ಯಾರನ್ನೂ ಕಳಿಸಿರಲಿಲ್ಲ.

ವಾರ ಕಳೆಯುವುದರೊಳಗೆ ಇನ್ನೊಂದು ಸುದ್ದಿ ಬಂತು. ತಿಪ್ಪವ್ವ ಗಿರಣಿಯಿಂದ ಹಿಟ್ಟಿನ ಬುಟ್ಟಿ ಹೊತ್ತು ಬಂದವಳು, ಬುಟ್ಟಿ ಇಳಿಸುವ ಮುಂಚೆಯೇ ಅಂದಳು: "ಅತ್ತೀ, ಭಾವ ಕುಡದು ಬಾವಿಗೆ ಇಳದಿದ್ರಂತ. ಗಿರಣ್ಯಾಗ ಎಲ್ಲಾರೂ ಅದ ಅನ್ನಾಕತ್ತಾರ. ಸಾವಕಾರ್ರು ಬ್ಯಾಡ ಬ್ಯಾಡ ಅಂದ್ರೂ ಕೇಳಲಿಲ್ಲಂತ. ಹಗ್ಗ ಹಿಡದಾವನೂ ಕುಡದಿದ್ನಂತ."

ಸಾವಂತ್ರವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಬಾವಿಗೆ ಹೋಗೂ ದಿನ ನನ್ನ ಕೈಯಾಗಿನ ಚಾ ಸೈತ ಮುಟ್ಟತಿರಲಿಲ್ಲ ಅವ್ರು!"

"ನನಗೇನ ಗೊತ್ತಿಲ್ಲೇನಕ್ಕಾ? ಅಂದದ್ದನ್ನ ಹೇಳಿದ್ನಿ."

ಆ ಸಂಜೆ ಗೊಲ್ಲಾಳಪ್ಪನ ಮಗಳು ಗುರುಬಾಯಿ ಶಾಲೆಯಿಂದ ಅಳುತ್ತ ಬಂದಳು. ಕುಡುಕನ ಮಗಳೆಂದು ಹುಡುಗಿಯರು ಅವಳ ಪಕ್ಕ ಕೂಡಲಿಲ್ಲವಂತೆ. ಸಕ್ರವ್ವ ಮೊಮ್ಮಗಳ ಮುಖ ತೊಳೆದು, ಅಂದೇ ದಾದಾಸಾಬನನ್ನು ಕರೆಸಿದಳು. ತುಕಾರಾಮ ಕಟ್ಟೆಯ ಮೇಲೆ ಕುಳಿತಿದ್ದ.

"ದಾದಾ, ನಿನ್ನ ಮಕ್ಕಳ ಮ್ಯಾಲ ಕೈ ಇಟ್ಟು ಹೇಳು. ಅವತ್ತ ಏನಾತು?"

ದಾದಾಸಾಬ ನೆಲ ನೋಡುತ್ತ ಹೇಳಿದ: "ಮುಂಜಾನಿ ಒಮ್ಮೆ ಇಳದ ಯವ್ವಾ. ಕಮಾನಿನ ಕೆಳಗ ಹೋಗಿ, ಹೇಳಿದಂಗ ಗುಂಡಿ ಒತ್ತಿ ಮ್ಯಾಲ ಬಂದ. ಸಾವಕಾರ್ರು ಅದನ್ನ ತಿರುವಿ ನೋಡಿ ಹಣಿ ಬಡಕೊಂಡ್ರು. ಒಳಗ ರೀಲ ಹಲ್ಲಿಗೆ ಹತ್ತಿರಲೇ ಇಲ್ಲ, ಒಂದು ಫೋಟೋನೂ ಬಿದ್ದಿರಲಿಲ್ಲ. ಹಾಕಿದವ್ರು ಅವರ. ಮತ್ತ ಸರಿ ಮಾಡಿ ಹಾಕಿ, 'ಇನ್ನೊಮ್ಮೆ ಇಳಿ' ಅಂದ್ರು. ಗೊಲ್ಲಾಳ ಒಲ್ಲೆ ಅಂದ. ಒಂದು ಬಾವಿಗೆ ದಿನಕ್ಕ ಒಂದ ಸಲರೀ, ನಮ್ಮಪ್ಪ ಹಾಕಿದ ಕಟ್ಟು, ಮೈ ತಣ್ಣಗಾಗೈತಿ, ನಾಳೆ ಬರ್ತೀನಿ ಅಂದ."

"ಅದಕ್ಕವ ಏನಂದ?"

ದಾದಾಸಾಬ ಕಟ್ಟೆಯ ಕಡೆ ಒಮ್ಮೆ ನೋಡಿದ. "'ಬಾವ್ಯಾಗ ಬಿಸಲು ಇಳಿಯೋದು ಈಗ. ನಿನ್ನ ತಮ್ಮ ನನ್ನ ಅಂಗಡ್ಯಾಗ ದುಡಿಯೂದು ಬೇಕೋ ಬ್ಯಾಡೋ?' ಅಂದ್ರು. ಗೊಲ್ಲಾಳ ಮತ್ತ ಮಾತಾಡಲಿಲ್ಲ. ಕಮಾನಿನ ಕಲ್ಲ ಸಂದ್ಯಾಗ ಹಗ್ಗ ಸಿಕ್ಕಿತು. ನಾ ಜಗ್ಗಿದ್ನಿ, ಬರಲಿಲ್ಲ. ಹಾರಿದ್ನಿ..."

ಬಾವಿಗೆ ಇಳಿಯುವ ಅಣ್ಣ ತನಗಿದ್ದಾನೆ ಎಂದು ಅಂಗಡಿಯಲ್ಲಿ ಹೆಮ್ಮೆಯಿಂದ ಹೇಳಿದ್ದವನು ತುಕಾರಾಮನೇ. ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಲಿಗೆ ಹೋದ. ಆದರೂ ಮರುದಿನ ಮುಂಜಾನೆ ಬಸ್ಸು ಹತ್ತಿ ಅದೇ ಅಂಗಡಿಗೆ ಹೋದ. ಸಕ್ರವ್ವ ಬಾಗಿಲಲ್ಲಿ ನಿಂತು ನೋಡಿದಳು. ರೊಟ್ಟಿಯ ಗಂಟನ್ನು ಅವನ ಕೈಗೆ ಕೊಡಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿಯಿತು. ಮುಂದಿನ ಸೋಮವಾರ ಸಕ್ರವ್ವ ತಾನೇ ಬಸ್ಸು ಹತ್ತಿದಳು. ವಿಜಾಪುರದ ಜೋರಾಪುರ ಪೇಟೆಯಲ್ಲಿ ಸಾವಕಾರನ ಮನೆ ಕೇಳಿದರೆ ಯಾರಾದರೂ ತೋರಿಸುವರು. ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಗಾಜಿನ ಕಪಾಟು. ಅದರ ತುಂಬ ಕ್ಯಾಮರಾಗಳು. ಕೆಲವು ತೊಗಲಿನ ಅಂಗಿ ತೊಟ್ಟಿದ್ದವು, ಕೆಲವಕ್ಕೆ ಹಿತ್ತಾಳೆಯ ಮೂತಿ. ಪ್ರತಿಯೊಂದರ ಕೆಳಗೂ ಮಖಮಲ್ಲು. ನಡುವೆ ಒಂದು ಜಾಗ ಖಾಲಿ ಇತ್ತು. ಶಾಂತಪ್ಪ ಮೆತ್ತನೆಯ ಬಟ್ಟೆಯಿಂದ ಒಂದು ಕ್ಯಾಮರಾ ಒರೆಸುತ್ತ, ಅವಳಿಗೆ ಚಾಪೆ ತೋರಿಸಿದ.

"ಕುಂದರ ಯಮ್ಮಾ. ಚಾ ಕುಡೀತಿ?"

"ಒಲ್ಲೆ."

"ತುಕಾರಾಮ ಎಲ್ಲಾ ಹೇಳ್ಯಾನ. ನಿಮ್ಮ ತಪ್ಪೇನಿಲ್ಲ, ತಿಳೀದ ಆಗೈತಿ. ಒಂದ ಮಾತ ಹೇಳು. ಎಷ್ಟು ಆಳದಾಗ ಐತಿ? ಬಟ್ಟಿ ಸುತ್ತಿ ಇಟ್ಟೀರೋ, ಹಂಗ ಇಟ್ಟೀರೋ?"

ಸಕ್ರವ್ವ ಅವನನ್ನೇ ನೋಡಿದಳು. ಬಟ್ಟೆ ಸುತ್ತಿದ್ದೀರಾ ಎಂದು ಕೇಳುತ್ತಿದ್ದಾನೆ. ಮಣ್ಣೊಳಗಿನ ಮಗನಿಗೆ ಬಟ್ಟೆ ಸಿಕ್ಕಿತೋ ಇಲ್ಲವೋ ಎಂದು ಕೇಳಲಿಲ್ಲ.

"ಅದರಾಗ ರಬ್ಬರ ಉಂಗುರ ಇರ್ತಾವ ಯಮ್ಮಾ," ಎಂದು ಅವನು ಮುಂದುವರಿದ. "ನೀರು ತಡೀತಾವ, ಮಣ್ಣಿನ ತಂಪಿಗೆ ಹಾಳಾಗ್ತಾವ. ಲಗೂನ ತಗೀಬೇಕು. ಒಳಗ ರೀಲೂ ಐತಿ. ಹಿಂದೂಸ್ತಾನದಾಗ ಹಳೇ ಬಾವ್ಯಾಗ ಇಳದು ತಗದ ಫೋಟೋ ಯಾರ ಹತ್ರಾನೂ ಇಲ್ಲ. ಪುಣೆದಾವ್ರು ಕಣ್ಣ ಬಿಟ್ಟು ನೋಡಬೇಕು."

"ನನ್ನ ಮಗ ಕುಡದಿದ್ನೇನ್ರಿ ಸಾವಕಾರ್ರ?"

ಒರೆಸುವ ಕೈ ನಿಂತಿತು. "ಮಂದಿ ಏನೇನೋ ಅಂತಾರ."

"ಮಂದಿ ನಿಮ್ಮಿಂದ ಕೇಳಿ ಅಂದಾರ. ತಗೋರಿ, ನಿಮ್ಮ ಕ್ಯಾಮರಾ ನಾ ಕೊಡ್ತೀನಿ. ನನ್ನ ಕೈಲೇ ಮಣ್ಣ ತಗದು ಕೊಡ್ತೀನಿ. ಹೊನವಾಡಕ್ಕ ಬರ್ರಿ. ಊರ ಮುಂದ, ಅವನ ಕುಣಿ ಕಡೆ ಮುಖ ಮಾಡಿ, ಹೆಸರ ಹಿಡದು ಹೇಳ್ರಿ: ಗೊಲ್ಲಾಳಪ್ಪಾ, ನೀ ಕುಡದಿರಲಿಲ್ಲ; ರೀಲ ತಪ್ಪು ಹಾಕಿದಾವ ನಾನು; ಒಲ್ಲೆ ಅಂದ್ರೂ ಎರಡನೇ ಸಲ ಇಳಿಸಿದಾವ ನಾನು. ಇಷ್ಟ."

"ಮಣ್ಣಿಗೇನ ಹೇಳೂದು!" ಎಂದು ಅವನು ನಕ್ಕ. ನಗು ನಿಂತ ಮೇಲೆ ದನಿ ಬದಲಾಯಿತು. "ಪೊಲೀಸರಿಗೆ ಹೇಳದ ಹೆಣ ಹುಗದೀರಿ. ನಾ ಕಳುವಿನ ಫಿರ್ಯಾದಿ ಕೊಟ್ರ ಕುಣಿ ಪೂರಾ ಅಗಿತಾರ, ಹೆಣ ಹೊರಗ ತಗೀತಾರ. ತಿಳೀತಿಲ್ಲೋ?"

"ಕೊಡ್ರಿ. ಕುಣ್ಯಾಗ ಯಾರದಾರ ಅಂತ ಕೇಳಿದ ಮ್ಯಾಲ, ಬಾವಿಗೆ ಯಾರ ಇಳಿಸಿದ್ರು ಅಂತಾನೂ ಕೇಳ್ತಾರ. ನನಗೀಗ ಅಂಜಿಕಿ ಉಳದಿಲ್ಲ. ನಿಮ್ಮ ಕಪಾಟ ತುಂಬ ಐತಿ, ಅಂಜಿಕಿ ನಿಮಗ ಇರಬೇಕು."

ಒಲ್ಲೆಯೆಂದರೂ ಚಾ ತಂದ ಆ ಮನೆಯ ಹೆಣ್ಣುಮಗಳನ್ನು ದಾಟಿಕೊಂಡು ಅವಳು ಹೊರಬಿದ್ದಳು.

ಮನೆಯಲ್ಲಿ ಈ ಮಾತು ಕೇಳಿ ಸಾವಂತ್ರವ್ವ ಬೆಂಕಿಯಾದಳು. "ಕುಣಿ ತಗೀತೀನಿ ಅಂತ ನೀವ ಹೋಗಿ ಹೇಳಿ ಬಂದ್ರ್ಯಾ ಅತ್ತೀ? ಹೆತ್ತಾಕಿ ನೀವ ಹಿಂಗಂದ್ರ ಹ್ಯಾಂಗ?"

"ಚಪ್ಪಡಿ ಎತ್ತೂದಿಲ್ಲವ್ವಾ. ಮ್ಯಾಲಿನ ಮಣ್ಣ ಅಷ್ಟ."

"ಮಣ್ಣ ಮಣ್ಣ! ಅದನ್ನ ಎಳದಾಗ ನನ್ನ ಜೀವಾನೂ ಅದರ ಸಂಗಾಟ ಎಳದೀರಿ."

"ನಿನ್ನ ಮಗಳು ನಾಳೆ ದೊಡ್ಡಾಕಿ ಆಗ್ತಾಳ. ಯಾರರ ಹೆಣ್ಣ ಕೇಳಾಕ ಬಂದಾಗ ಕುಡುಕನ ಮಗಳು ಅಂತ ತಿರುಗಿ ಹೋಗಬೇಕೇನ? ಅವನು ಸತ್ತದ್ದು ಸಾಲದಂತ ಅವನ ಹೆಸರೂ ಸಾಯಬೇಕೇನ?"

ಅಂದಿನಿಂದ ಸಾವಂತ್ರವ್ವ ಅತ್ತೆಯ ತಟ್ಟೆಯನ್ನು ಸದ್ದಾಗುವಂತೆ ಇಡುತ್ತಿದ್ದಳು. ಪಲ್ಯ ಬಡಿಸಿ, ಬೇಕೋ ಸಾಕೋ ಎಂದು ಕೇಳದೆ ಹೋಗುತ್ತಿದ್ದಳು. ಬಬಲೇಶ್ವರದ ತವರಿನಿಂದ ಅಣ್ಣ ಕರೆಯಲು ಬಂದಾಗ ಮಾತ್ರ, "ಈ ಮಾತು ಮುಗಿಯೂ ತನಕ ನಾ ಹೊಸ್ತಿಲ ದಾಟೂದಿಲ್ಲ," ಎಂದು ಅವನನ್ನು ಉಣಿಸಿ ಕಳಿಸಿದಳು. ತಿಪ್ಪವ್ವ ಒಂದೆಡೆ ಗಂಡನನ್ನು, "ನಿಮ್ಮ ಸಾವಕಾರ ನಿಮಗ ಏನಂದ್ರೂ ಸುಮ್ನಿರ್ರಿ, ಇರೂದೊಂದ ಪಗಾರ," ಎಂದು ತಡೆಯುವಳು. ಇನ್ನೊಂದೆಡೆ ಅದೇ ಗಂಡನಿಗೆ, "ನೆತ್ತರ ತಣ್ಣಗ ಐತ್ರಿ ನಿಮ್ದು," ಎಂದು ಚುಚ್ಚುವಳು. ತುಕಾರಾಮ ಎರಡನ್ನೂ ನುಂಗಿ ಬಸ್ಸಿಗೆ ಓಡುವನು.

ಎಳ್ಳಮಾವಾಸ್ಯೆ ಹತ್ತಿರವಾಯಿತು. ಊರಲ್ಲಿ ಸಜ್ಜಿ ರೊಟ್ಟಿ ಬಡಿಯುವ ಸದ್ದು ಎದ್ದಿತು. ಸೂತಕದ ವರ್ಷವೆಂದು ಸಕ್ರವ್ವನ ಮನೆಯಲ್ಲಿ ಹಬ್ಬವಿರಲಿಲ್ಲ. ಒಂದು ಸಂಜೆ ತುಕಾರಾಮ ಚಪ್ಪಲಿ ಬಿಡುತ್ತ ಹೇಳಿದ: "ಸಾವಕಾರ್ರು ನಾಳೆ ಬರ್ತಾರಂತ ಅವ್ವಾ. ಪುಣೆದಾವ್ರು ರವಿವಾರ ಬರಾವ್ರು."

ಸಾವಕಾರ ಬರಲಾರನೆಂದೇ ಸಕ್ರವ್ವ ನಂಬಿದ್ದಳು. ಅಂಥ ಮಾತನ್ನು ಊರ ಮುಂದೆ ಯಾವ ಮನುಷ್ಯನ ನಾಲಗೆ ಆಡೀತು?

ಮರುದಿನ ಜೀಪು ಹೊಲದ ಬದುವಿನವರೆಗೂ ಬಂತು. ಅಮೋಘಿ ಮುದುಕ, ದಾದಾಸಾಬ, ಗಿರಣಿಯವರು, ಅರ್ಧ ಊರು ಅಲ್ಲಿ ಸೇರಿತ್ತು. ಜೋಳ ಎದೆಮಟ್ಟ ನಿಂತಿತ್ತು. ಸಾವಂತ್ರವ್ವ ಬಟ್ಟೆಯಲ್ಲಿ ಏನೋ ಸುತ್ತಿಕೊಂಡು ಕುಣಿಯ ತಲೆಯ ಕಡೆ ಕುಳಿತಿದ್ದಳು. ಶಾಂತಪ್ಪ ಬಿಳಿ ಧೋತರದ ಚುಂಗು ಎತ್ತಿ ಹಿಡಿದು ಇಳಿದ.

"ಆದದ್ದು ಆಗಿಹೋತು. ದೇವರ ಇಚ್ಛಾ," ಎಂದ.

"ದೇವರ ಸುದ್ದಿ ನಾ ಹೇಳ್ತೀನಿ. ನಿಮ್ಮ ಮಾತ ನೀವ ಹೇಳ್ರಿ," ಎಂದಳು ಸಕ್ರವ್ವ.

ಅವನು ಗಡಿಯಾರ ನೋಡಿಕೊಂಡ. ಕುಣಿಯ ಕಡೆ ತಿರುಗಿದ. ಬಿಲ್ಲು ಓದಿ ಹೇಳುವವನ ಹಾಗೆ ಒಂದೇ ಉಸುರಿಗೆ ಅಂದುಬಿಟ್ಟ: "ಗೊಲ್ಲಾಳಪ್ಪ, ನೀ ಕುಡದಿರಲಿಲ್ಲ. ರೀಲ ನಾ ಸರಿ ಹಾಕಿರಲಿಲ್ಲ. ನೀ ಒಲ್ಲೆ ಅಂದ್ರೂ ಎರಡನೇ ಸಲ ನಾನ ಇಳಿಸಿದ್ನಿ. ಆತಲ್ಲ? ತಗೀರಿ."

ಗಿರಣಿಯವನು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಸಕ್ರವ್ವನಿಗೆ ಸಿಟ್ಟು ಏರಿತು. ಬೇಕಾದ ಮಾತು ಬಂದಿತ್ತು. ಆದರೆ ಇಷ್ಟು ಸಲೀಸಾಗಿ ಬರುವ ಮಾತಾಗಿತ್ತೇ ಅದು? ಹಾಗಾದರೆ ಇಷ್ಟು ದಿನ ಏಕೆ ಬರಲಿಲ್ಲ? ಒಬ್ಬ ಮನುಷ್ಯನಿಗಾಗಿ ಬಾಯಿಂದ ಹೊರಡದ ಸತ್ಯ ಒಂದು ಡಬ್ಬಿಗಾಗಿ ಹೊರಟಿತ್ತು.

ಕೊಟ್ಟ ಮಾತಿನಂತೆ ಅವಳು ಕುರ್ಪಿ ಹಿಡಿದು ಮಣ್ಣಿಗೆ ಕೈ ಹಾಕಿದಳು. ತುಕಾರಾಮ ಮುಂದೆ ಬಂದು, "ನೀ ಸರಿ ಬೇ," ಎಂದು ಸಲಿಕೆ ಹಿಡಿದ.

"ತುಕಾರಾಮ, ಸಾವಕಾಶ! ಗಾಜಿಗೆ ಸಲಿಕಿ ತಾಗೀತು. ಎಚ್ಚರ!" ಎಂದು ಶಾಂತಪ್ಪ ಕೂಗಿದ.

ತುಕಾರಾಮ ನಿಂತ. "ಇದ ಎಚ್ಚರ ಅವತ್ತ ಬಾವಿ ದಂಡ್ಯಾಗ ಬೇಕಾಗಿತ್ರಿ," ಎಂದ. "ಸೋಮವಾರದಿಂದ ನನ್ನ ದಾರಿ ನೋಡಬ್ಯಾಡ್ರಿ."

ತಿಪ್ಪವ್ವ ಸೆರಗು ಬಾಯಿಗಿಟ್ಟುಕೊಂಡಳು.

ಮಣ್ಣಿನೊಳಗಿಂದ ಕ್ಯಾಮರಾ ಬಂತು. ಶಾಂತಪ್ಪ ಅದನ್ನು ಕಸಿದುಕೊಂಡವನಂತೆ ತೆಗೆದುಕೊಂಡು, ಜರಿ ಅಂಚಿನ ಶಲ್ಯದಿಂದ ಒರೆಸಿದ. ತಿರುಗಣೆ ತಿರುವಿ ಕಿವಿಗೆ ಹಿಡಿದ. ಅವನ ಮುಖ ಅರಳಿತು. ಕುಣಿಯ ಮುಂದೆ ನಿಂತು ಅವನು ನಕ್ಕದ್ದನ್ನು ಅರ್ಧ ಊರು ನೋಡಿತು.

ಅವನು ಜೀಪಿನ ಕಡೆ ಹೊರಳುವಷ್ಟರಲ್ಲಿ ಸಾವಂತ್ರವ್ವ ಎದ್ದು ಅಡ್ಡ ನಿಂತಳು. "ಅದರಾಗಿನ ರೀಲ ಕೊಟ್ಟು ಹೋಗ್ರಿ."

"ಏನು?"

"ನೀವು ಕೇಳಿದ್ದು ಕ್ಯಾಮರಾ. ನಮ್ಮತ್ತಿ ಕೊಟ್ಟಾರ. ಒಳಗಿರೂದು ನನ್ನ ಗಂಡ ಉಸರ ಕೊಟ್ಟು ತಗದದ್ದು. ಅದು ಅವರ ಕೈಯಾಗಿಂದು."

"ಬಿಸಲಿಗೆ ತಗದ್ರ ಎಲ್ಲಾ ಸುಟ್ಟು ಹೋಗ್ತೈತಿ ತಂಗೀ! ತೊಳಸಿ ನಿನಗೂ ಒಂದು ಫೋಟೋ ಕಳಿಸ್ತೀನಿ. ಹಂಗ ಮಾಡಬ್ಯಾಡ. ಕೈ ಮುಗೀತೀನಿ."

ಈಗ ಅವನ ಕಣ್ಣಲ್ಲಿ ನೀರು ಬಂತು. ಗೊಲ್ಲಾಳಪ್ಪನ ಹೆಸರು ಹಿಡಿದಾಗ ಬಾರದ ನೀರು. ಸಕ್ರವ್ವ ಅದನ್ನು ನೋಡಿದಳು, ಅಮೋಘಿ ನೋಡಿದ, ಎಲ್ಲರೂ ನೋಡಿದರು. ದಾದಾಸಾಬ ಹೋಗಿ ಜೀಪಿನ ಮುಂದೆ ನಿಂತ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಯಾರೂ ಕೈ ಎತ್ತಲಿಲ್ಲ, ಬರೀ ನಿಂತರು.

ಶಾಂತಪ್ಪ ಪಟ್ಟಿ ಸಿಕ್ಕಿಸುವ ಎರಡು ಕಿವಿಗಳನ್ನು ಸನ್ನೆಯಂತೆ ಎತ್ತಿ, ಕ್ಯಾಮರಾದ ಒಳಭಾಗವನ್ನು ಹೊರಗೆಳೆದ. ಬಾವಿಯ ನೀರಾಗಲಿ ಕುಣಿಯ ತಂಪಾಗಲಿ ಒಳಗೆ ಹೋಗಿರಲಿಲ್ಲ. ಒಂದು ಹನಿಯೂ ಇರಲಿಲ್ಲ. ಆ ಯಂತ್ರದ ಹೊಟ್ಟೆಗೆ ನೀರು ಹೋಗದಂತೆ ಅಷ್ಟೊಂದು ಜತನ ಮಾಡಿದ್ದರು. ಅದನ್ನು ಹಿಡಿದು ಇಳಿದವನ ಎದೆಗೆ ಮಾತ್ರ ಯಾವ ತಡೆಯೂ ಇರಲಿಲ್ಲ.

ಸಾವಂತ್ರವ್ವ ರೀಲಿನ ತುದಿ ಹಿಡಿದು ಎಳೆದಳು. ಕಂದು ಪಟ್ಟಿ ಬಿಸಿಲಿನಲ್ಲಿ ಉದ್ದಕ್ಕೆ ಬಿಚ್ಚಿಕೊಂಡಿತು. ಶಾಂತಪ್ಪ ಮುಖ ತಿರುಗಿಸಿ ಜೀಪು ಹತ್ತಿದ. ಯಾರೂ ಅವನನ್ನು ನಿಲ್ಲಿಸಲಿಲ್ಲ, ಯಾರೂ ಬೀಳ್ಕೊಡಲಿಲ್ಲ.

ಅತ್ತೆ ಸೊಸೆ ಇಬ್ಬರೂ ಪಟ್ಟಿಯನ್ನು ಸುತ್ತಿ ಚಪ್ಪಡಿಯ ಮೇಲೆ ಇಟ್ಟರು. ಸಾವಂತ್ರವ್ವ ತಾನು ತಂದ ಬಟ್ಟೆಯ ಗಂಟು ಬಿಚ್ಚಿದಳು. ಒಳಗೆ ರೊಟ್ಟಿ, ಇನ್ನೂ ಹಬೆ ಆರಿರಲಿಲ್ಲ. ಅದನ್ನು ಅತ್ತೆಯ ಕೈಗೆ ಕೊಟ್ಟಳು. "ನೀವ ಇಡ್ರಿ ಅತ್ತಿ," ಎಂದಳು. ಎಷ್ಟೋ ದಿನದ ಮೇಲೆ ಅವಳು ಅತ್ತೆಯನ್ನು 'ಅತ್ತಿ' ಎಂದು ಕರೆದದ್ದು ಅದೇ ಮೊದಲು.

ಸಕ್ರವ್ವ ರೊಟ್ಟಿ ಇಟ್ಟು, ಬಂಡಾರ ಹಾಕಿ, ತುಕಾರಾಮನಿಂದ ಮಣ್ಣು ಎಳೆಸಿದಳು. ಆಮೇಲೆ ಸೆರಗೊಡ್ಡಿ ಕೈ ಮುಗಿದಳು:

"ಯಪ್ಪಾ ಅಮೋಘಸಿದ್ಧಾ, ನನ್ನ ಮಗ ಬರಿಹೊಟ್ಟೀಲೆ ಬಂದಾನ, ಉಣಿಸು. ಮೈ ತ್ವಾಯ್ಸಿಕೊಂಡು ಬಂದಾನ, ನಿನ್ನ ಕಂಬಳ್ಯಾಗ ಕುಂದರಿಸು. ಅವನ ಮ್ಯಾಲಿನ ಸುಳ್ಳು ಇವತ್ತ ಮಣ್ಣಾತು. ಅವನ ಹೆಸರ ಅವನ ಮಗಳಿಗೆ ಉಳಿಸು. ಇನ್ನ ಯಾರೂ ಅವನನ್ನ ಎಬ್ಬಸಬಾರದು, ಯಾರೂ ಎಲ್ಲಿಗೂ ಇಳಸಬಾರದು ನಮ್ಮಪ್ಪಾ. ನಿನ್ನ ಪಾದದ ಹತ್ತಿರ ಅವನ ಉಸರಿಗೆ ನೆಲಿ ಕೊಡು. ಅವನ ಜೀವಕ್ಕ ಶಾಂತಿ ಕೊಡು."